ಬಡೇಸಾಬರು ಹಾಕಿದ ಬೆಸುಗೆ

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಅಡಿಪಟ್ಟಿ ಇಟ್ಟು ಬರೆದರೂ ಕೆಲವು ಕಡೆ ಸಾಲು ಕೆಳಗೆ ಇಳಿದಿದೆ. ನನಗೆ ಗೊತ್ತಿರುವ ಮಾತುಗಳೂ ಕಡಿಮೆ. ಒಂಬತ್ತನೆಯ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು. ಇದು ಹುಬ್ಬಳ್ಳಿ ಗೋಪನಕೊಪ್ಪದ ಮೋಟರ್ ವೈಂಡಿಂಗ್ ಮೇಸ್ತ್ರಿ ಬಡೇಸಾಬ ನದಾಫ ಅವರ ಸಂಗತಿ. ಅವರು ನನ್ನ ಅಜ್ಜ. ಇದರಲ್ಲಿ ಫಿಜಾ ಎಂದು ಬರುವ ಮೊಮ್ಮಗಳು ನಾನೇ. 'ನಾನು' ಎಂದು ಬರೆಯಲು ಹೋದರೆ ಕೈ ನಿಂತುಬಿಡುತ್ತದೆ, ಅದಕ್ಕೆ ಹಾಗೆ ಬರೆದಿದ್ದೇನೆ. ಅಜ್ಜನ ಮನಸ್ಸಿನಲ್ಲಿ ಇದ್ದದ್ದು ಎಂದು ಬರೆದಿರುವುದೆಲ್ಲ ಅವರ ಬಾಯಿಂದಲೇ ಕೇಳಿದ್ದು. ಬರೆದು ಮುಗಿಸಿ ಅವರಿಗೆ ಓದಿ ತೋರಿಸಿದೆ. ಎರಡು ಕಡೆ ತಿದ್ದಿಸಿದರು, ಉಳಿದದ್ದಕ್ಕೆ ಏನೂ ಅನ್ನಲಿಲ್ಲ. ಕೊನೆಯ ಪ್ಯಾರಾ ಮಾತ್ರ ಅವರಿಗೆ ಓದಿಲ್ಲ.

ಬಡೇಸಾಬರಿಗೆ ಈಗ ಅರವತ್ತೇಳು ವರ್ಷ. ಅದರಲ್ಲಿ ನಲವತ್ತಾರು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಸುಟ್ಟುಹೋದ ಮೋಟರಿನ ಹೊಟ್ಟೆಯಿಂದ ಕರಕಾದ ತಂತಿ ಕಿತ್ತು ತೆಗೆಯುವುದು, ಹೊಸ ತಾಮ್ರದ ತಂತಿಯನ್ನು ಎಣಿಸಿ ಎಣಿಸಿ ಸುತ್ತುವುದು, ತುದಿಗಳನ್ನು ಜೋಡಿಸಿ ಬೆಸುಗೆ ಹಾಕುವುದು, ವಾರ್ನಿಶ್ ಹೊಯ್ದು ಒಣಗಿಸುವುದು. ಸುತ್ತುವ ಮಶಿನ್ನಿಗೆ ಬಲಗೈ ಕಡೆ ಒಂದು ಹಿಡಿಕೆ ಇದೆ. ಅದನ್ನು ತಿರುಗಿಸುವಾಗ ಅವರು ಯಾರ ಜೊತೆಗೂ ಮಾತಾಡುವುದಿಲ್ಲ, ಲೆಕ್ಕ ತಪ್ಪುತ್ತದೆ. ಬೆಸುಗೆ ಹಾಕುವಾಗ ಎರಡೂ ಕೈಗೆ ಕೆಲಸ, ಹಾಗಾಗಿ ಸೋಲ್ಡರ್ ತಂತಿಯ ಸುರುಳಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಮುಖ ಬಗ್ಗಿಸಿ, ಕಾದ ಕಬ್ಬಿಣಕ್ಕೆ ತಾಗಿಸುತ್ತಾರೆ. ಹನಿ ಕೂತ ಮೇಲೆ ಮಸೂರ ಹಿಡಿದು ನೋಡುತ್ತಾರೆ. ಹನಿ ದುಂಡಗೆ, ಬೆಳ್ಳಗೆ, ಹೊಳೆಯುವ ಹಾಗೆ ಇರಬೇಕು. ಮಂಕಾಗಿದ್ದರೆ ಬಿಚ್ಚಿ ಮತ್ತೆ ಹಾಕುತ್ತಾರೆ. ಬಡೇಸಾಬರ ಜೋಡಣೆ ಮೋಟರ್ ಸುಟ್ಟರೂ ಬಿಡುವುದಿಲ್ಲ ಎಂದು ಶಿರಗುಪ್ಪಿಯವರೆಗೂ ಮಾತಿತ್ತು.

ಅವರ ಅಂಗಡಿಯಲ್ಲಿ ಒಂದು ಗಿಣಿ ಇತ್ತು. ಅದು ಅವರ ಹೆಂಡತಿ ಗುಲ್ಜಾರಬಿಯದು. ಹತ್ತು ವರ್ಷದ ಹಿಂದೆ ರಸ್ತೆ ಅಗಲ ಮಾಡುವವರು ಒಂದು ಬೇವಿನ ಮರ ಕಡಿದು ಕೆಡವಿದಾಗ ಪೊಟರೆಯಿಂದ ಮೂರು ಮರಿ ಬಿದ್ದವು. ಎರಡು ಅಲ್ಲೇ ಸತ್ತವು. ಮೂರನೆಯದನ್ನು ಗುಲ್ಜಾರಬಿ ಸೆರಗಿನಲ್ಲಿ ತಂದು, ಕಡಲೆಬೇಳೆ ನೆನೆಸಿ, ಅಗಿದು, ಬೆರಳ ತುದಿಯಿಂದ ತಿನ್ನಿಸಿ ಬದುಕಿಸಿದರು. ಸಬ್ಜಾ ಎಂದು ಹೆಸರಿಟ್ಟರು. ಆರು ವರ್ಷ ಅದಕ್ಕೆ ಪಂಜರ ಇರಲಿಲ್ಲ. ಗುಲ್ಜಾರಬಿ ರೊಟ್ಟಿ ಬಡಿಯುವಾಗ ಹೆಗಲ ಮೇಲೆ, ಅಕ್ಕಿ ಆರಿಸುವಾಗ ಮೊರದ ಅಂಚಿನ ಮೇಲೆ. ಅವರು ಪೇರಲ ಹಣ್ಣು ಕೊಯ್ದರೆ ಯಾವ ಮೂಲೆಯಲ್ಲಿದ್ದರೂ ಹಾರಿ ಬರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಗುಲ್ಜಾರಬಿ ತೀರಿಕೊಂಡರು. ಸೊಸೆ ಯಾಸ್ಮಿನ, ಫಿಜಾಳ ತಾಯಿ, ಕೆಲಸಕ್ಕೆ ಹೋಗುವವಳು. ಹಗಲು ಮನೆಗೆ ಬೀಗ. ಹಕ್ಕಿಯನ್ನು ಒಂಟಿಯಾಗಿ ಬಿಡಲು ಬಡೇಸಾಬರಿಗೆ ಮನಸ್ಸಾಗಲಿಲ್ಲ, ಅಂಗಡಿಗೆ ತಂದರೆ ಬೀದಿಯಲ್ಲಿ ಬೆಕ್ಕುಗಳಿವೆ. ಅದಕ್ಕೆ ಪಂಜರ ಮಾಡಿದರು. ಹದಿನೆಂಟು ದಿನ ಹಿಡಿಯಿತು. ತಂತಿ ತಂತಿ ಕೂಡುವ ಒಂದೊಂದು ಜಾಗಕ್ಕೂ ಒಂದೊಂದು ಹನಿ ಬೆಸುಗೆ, ಒಟ್ಟು ಇನ್ನೂರ ಹನ್ನೆರಡು ಹನಿ. ಮೇಲೆ ಗುಮ್ಮಟದ ಹಾಗೆ ದುಂಡಗೆ ಬಗ್ಗಿಸಿದರು. ಮೋಟರಿಗೆ ಹಾಕುವ ಬೆಸುಗೆ ಒಳಗೆ ಮುಚ್ಚಿಹೋಗುತ್ತದೆ, ಯಾರೂ ನೋಡುವುದಿಲ್ಲ. ಈ ಇನ್ನೂರ ಹನ್ನೆರಡನ್ನು ಬಂದವರೆಲ್ಲ ನೋಡಿದರು. ಅಂಥ ಕೆಲಸ ತಾನು ಮೊದಲು ಮಾಡಿರಲಿಲ್ಲ, ಹೆಂಡತಿ ಇದ್ದಾಗ ಒಂದು ಸೂಜಿಡಬ್ಬಿ ಕೂಡ ಮಾಡಿಕೊಟ್ಟವನಲ್ಲ ಎಂದು ಬಡೇಸಾಬರು ಒಮ್ಮೆ ಹೇಳಿದ್ದರು.

ಪಂಜರವನ್ನು ಸುತ್ತುವ ಮಶಿನ್ನಿನ ಎದುರಿಗೇ ತೂಗುಹಾಕಿದರು.

ಎರಡು ವರ್ಷದ ನಂತರ, ಒಂದು ದಿನ ಬಡೇಸಾಬರು ಹಿಡಿಕೆ ತಿರುಗಿಸುತ್ತಿದ್ದಾಗ ಸಬ್ಜಾ ಕೂಡ ಕುತ್ತಿಗೆ ತಿರುಗಿಸಿತು. ಎಡದಿಂದ ಕೆಳಗೆ, ಬಲಕ್ಕೆ, ಮೇಲಕ್ಕೆ, ಮತ್ತೆ ಎಡಕ್ಕೆ. ಕೈ ತಿರುಗಿದ ಹಾಗೇ ತಲೆ. ಆಗ ಮೋಟರ್ ತಂದು ಕುಳಿತಿದ್ದವರು ಶಿರಗುಪ್ಪಿಯ ಹನುಮಪ್ಪ, ಬಡೇಸಾಬರ ಮೂವತ್ತು ವರ್ಷದ ಗಿರಾಕಿ, ಅದಕ್ಕಿಂತ ಹೆಚ್ಚಾಗಿ ಗೆಳೆಯ.

"ಏ ಮೇಸ್ತ್ರಿ, ನೋಡಲ್ಲೆ! ನಿನ್ನ ಗಿಣಿ ವೈಂಡಿಂಗ್ ಮಾಡಾಕತ್ತೈತಿ!"

"ಮಾಡವಲ್ದ್ಯಾಕ? ನಿನಗಿಂತ ಶ್ಯಾಣ್ಯಾ ಐತಿ ಅದು."

"ಹಂಗಾರ ಮುಂದಿನ ಮೋಟರ್ ಅದರ ಕೈಯಾಗ ಕೊಡ್ತೇನಿ ಬಿಡು. ನೀ ಈಗೀಗ ಲೆಕ್ಕಾ ತಪ್ಪಸಾಕತ್ತೀಯಂತ."

"ಯಾವ ಮಗ ಹೇಳಿದಾ?"

"ನಿನ್ನ ಮೋಟರ್ ಹೇಳ್ತಪಾ. ಮೂರ ತಿಂಗಳಿಗೆ ಹೊಗಿ ಬಿಡಾಕತ್ತೈತಿ."

ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ಫಿಜಾಳೂ ನಕ್ಕಳು. ಶಾಲೆ ಬಿಟ್ಟ ಮೇಲೆ ಅವಳು ಅಂಗಡಿಯ ಮೂಲೆಯಲ್ಲಿ ಕುಳಿತು, ತಂತಿಯ ಕೆಳಗೆ ಇಡುವ ಕಾಗದದ ಪಟ್ಟಿ ಕತ್ತರಿಸುತ್ತಿದ್ದಳು. ತರಗತಿಯಲ್ಲಿ ಎದ್ದು ನಿಂತು ಓದು ಎಂದರೆ ಅವಳ ಬಾಯಿ ಕಟ್ಟುತ್ತಿತ್ತು, ಮಕ್ಕಳು ನಗುತ್ತಿದ್ದರು, ಹಾಗಾಗಿ ಬಿಟ್ಟದ್ದು. ಆ ದಿನ ಅವಳು ಎದ್ದು ಬಂದು ಸಬ್ಜಾಗೆ ಒಂದು ಶೇಂಗಾ ಕೊಟ್ಟಳು. ಮೊದಲ ಶೇಂಗಾ ಕೊಟ್ಟವಳು ಅವಳೇ. ಇದನ್ನು ಬರೆಯದೆ ಬಿಟ್ಟರೆ ತಪ್ಪಾಗುತ್ತದೆ.

ಆಮೇಲೆ ಅದು ವಾಡಿಕೆಯಾಯಿತು. ಗಿರಾಕಿ ಬಂದವನು ಗಾಳಿಯಲ್ಲಿ ಬೆರಳು ತಿರುಗಿಸುವುದು, ಸಬ್ಜಾ ತಲೆ ತಿರುಗಿಸುವುದು, ಎಲ್ಲರೂ ನಗುವುದು, ಶೇಂಗಾ. ಮೊಬೈಲಿನಲ್ಲಿ ಹಿಡಿದುಕೊಂಡು ಹೋದವರೂ ಇದ್ದಾರೆ. 'ವೈಂಡಿಂಗ್ ಗಿಣಿ ಅಂಗಡಿ' ಎಂದರೆ ಆಟೋದವರಿಗೆ ಗೊತ್ತಾಗುತ್ತಿತ್ತು. ಗುಲ್ಜಾರಬಿ ಇದ್ದಿದ್ದರೆ ಎಷ್ಟು ನಗುತ್ತಿದ್ದಳು ಎಂದು ಬಡೇಸಾಬರು ಅಂದುಕೊಳ್ಳುತ್ತಿದ್ದರು.

ಸಬ್ಜಾಗೆ ಬೆಸುಗೆ ಕಚ್ಚುವ ಚಟವಿತ್ತು. ಕೊಕ್ಕಿನಿಂದ ಹನಿಯನ್ನು ಕೆರೆದು ಕೆರೆದು ಅರ್ಧ ತೆಗೆದುಬಿಡುತ್ತಿತ್ತು. ತಂತಿ ಸಡಿಲವಾಗುತ್ತಿತ್ತು. ಬಡೇಸಾಬರು ಬೇಸರಪಡುತ್ತಿರಲಿಲ್ಲ. ತಿಂಗಳಿಗೆ ಎರಡು ಸಲ, ಮೂರು ಸಲ, ಪಂಜರ ಇಳಿಸಿ, ಹೋದ ಹನಿಗೆ ಹೊಸ ಹನಿ ಹಾಕುತ್ತಿದ್ದರು. ತಂತಿಯ ತುದಿ ಎಲ್ಲಿ ಹಕ್ಕಿಗೆ ಚುಚ್ಚುತ್ತದೋ ಎಂದು ಅಲ್ಲಿ ಇನ್ನೂ ಸ್ವಲ್ಪ ಹೆಚ್ಚಿಗೆ ಹಾಕಿ ನುಣುಪು ಮಾಡುತ್ತಿದ್ದರು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಶುಕ್ರವಾರ. ಮಧ್ಯಾಹ್ನದ ನಮಾಜಿಗೆ ಬಡೇಸಾಬರು ಶಟರ್ ಅರ್ಧ ಎಳೆದು ಹೋದರು. ಒಳಗೆ ಫಿಜಾ ಒಬ್ಬಳೇ. ಅವರು ತಿರುಗಿ ಬಂದು ಬಗ್ಗಿ ಒಳಗೆ ಬಂದಾಗ ಅವಳು ಕತ್ತರಿ ಕೆಳಗಿಟ್ಟು, ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಪಂಜರ ನೋಡುತ್ತಿದ್ದಳು.

"ಅಜ್ಜಾ, ನೀವ್ ಹೋದಾಗಿಂದ ನಿಂತಿಲ್ರಿ."

"ಏನ್ ನಿಂತಿಲ್ಲವಾ? ಕರೆಂಟಾ?"

"ಸಬ್ಜಾ. ಮಶಿನ್ ಬಂದ್ ಐತಿ. ಯಾರೂ ಬೆರಳ ತೋರಿಸಿಲ್ಲ. ನನ್ನ ಕಡೆನೂ ನೋಡವಲ್ದು. ಎಡಕ್ಕ ನಿಂತು ಏಳ ಸುತ್ತ ಹಾಕತೈತಿ, ಬಲಕ್ಕ ಹೋಗಿ ಏಳ ಸುತ್ತ. ನಲವತ್ತೊಂದ ಸಲ ಆತು. ಒಮ್ಮಿನೂ ಆರಿಲ್ಲ, ಎಂಟಿಲ್ಲ."

"ಕಲ್ತದ್ದು ಮರೀಬಾರದಂತ ಮಾಡತೈತಿ ತಗೋ," ಎಂದು ಬಡೇಸಾಬರು ನಗಲು ನೋಡಿದರು.

ಫಿಜಾ ಡಬ್ಬಿಯಿಂದ ಪೇರಲ ಹೋಳು ತೆಗೆದು ಪಂಜರದೊಳಗೆ ಹಿಡಿದಳು. ಸಬ್ಜಾ ಮೂರನೆಯ ಸುತ್ತಿನಲ್ಲಿತ್ತು. ಹಣ್ಣು ಕೊಕ್ಕಿನಿಂದ ಒಂದು ಬೆರಳು ದೂರ. ಅದು ನಾಲ್ಕು, ಐದು, ಆರು, ಏಳು ಮುಗಿಸಿತು. ಬಲಕ್ಕೆ ನಡೆದು ಹೋಯಿತು. ಅಲ್ಲಿ ಮತ್ತೆ ಶುರು ಮಾಡಿತು. ಪೇರಲ ಫಿಜಾಳ ಕೈಯಲ್ಲೇ ಉಳಿಯಿತು.

ಬಡೇಸಾಬರು ಟೊಪ್ಪಿಗೆ ತೆಗೆದು ಮಣೆಯ ಮೇಲೆ ಕುಳಿತರು. ಗುಲ್ಜಾರಬಿಯ ಕೈಯ ಪೇರಲಕ್ಕೆ ಮೂರು ಕೋಣೆ ದಾಟಿ ಬರುತ್ತಿದ್ದ ಹಕ್ಕಿ. ಇದು ಆಟವಲ್ಲ ಎಂದು ಅವರಿಗೆ ಆಗ ಮೊದಲು ಅನಿಸಿತಂತೆ. ಆದರೆ ಬಾಯಲ್ಲಿ ಅಂದದ್ದು, "ಹೊಟ್ಟಿ ತುಂಬೈತಿ ಅದರದು" ಎಂದು.

ಒಂದು ತಿಂಗಳಲ್ಲಿ ಎದೆಯ ಪುಕ್ಕ ಹೋಯಿತು. ತಾನೇ ಕಿತ್ತುಕೊಳ್ಳುತ್ತಿತ್ತು. ಮೊದಲು ಒಂದು ರೂಪಾಯಿ ನಾಣ್ಯದಷ್ಟು ಜಾಗ, ಆಮೇಲೆ ಅಂಗೈಯಷ್ಟು, ಕೆಂಪು ಚರ್ಮ. ನೀರು ವಿಪರೀತ ಕುಡಿಯತೊಡಗಿತು. ಹಿಕ್ಕೆ ನೀರಾಗಿ ಕಡುಹಸಿರಾಯಿತು. ದೃಷ್ಟಿ ಎಂದರು ಒಬ್ಬರು, ತಾಯತ ಕಟ್ಟಿದ್ದಾಯಿತು. ಉಷ್ಣ ಎಂದರು ಇನ್ನೊಬ್ಬರು, ಕೊತ್ತಂಬರಿ ನೀರು ಕುಡಿಸಿದ್ದಾಯಿತು. ಬಡೇಸಾಬರು ತಮಗೆ ತಿಳಿದ ಉಪಾಯ ಮಾಡಿದರು: ತಂತಿ ಚುಚ್ಚಿ ಹೀಗೆ ಆಗುತ್ತಿರಬಹುದು ಎಂದು ಒಂದು ಇಡೀ ದಿನ ಕುಳಿತು ಪಂಜರದ ಒಳಬದಿಯ ಹನಿಗಳನ್ನೆಲ್ಲ ಹೊಸದಾಗಿ ಹಾಕಿದರು. ಆ ಸಂಜೆ ಪಂಜರ ಹೊಸದರಂತೆ ಹೊಳೆಯುತ್ತಿತ್ತು.

ಒಂದು ವಾರಕ್ಕೆ ಸಬ್ಜಾ ಕೋಲಿನ ಮೇಲಿಂದ ಕೆಳಗೆ ಬಿತ್ತು.

ಧಾರವಾಡದ ಕೆಲಗೇರಿಯಲ್ಲಿ ಹಕ್ಕಿಗಳನ್ನು ನೋಡುವ ಡಾಕ್ಟರ್ ಇದ್ದಾರೆ ಎಂದು ಯಾಸ್ಮಿನ ತಿಳಿದುಕೊಂಡು ಬಂದಳು. ಡಾಕ್ಟರ್ ಶಿವಯೋಗೀಶ. ಪಂಜರಕ್ಕೇ ಬಟ್ಟೆ ಸುತ್ತಿ, ಧಾರವಾಡಕ್ಕೆ ಓಡುವ ಚಿಗರಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದರು ಬಡೇಸಾಬರು, ಜೊತೆಗೆ ಫಿಜಾ. ಡಾಕ್ಟರ್ ಏನಾಗುತ್ತಿದೆ ಎಂದು ಕೇಳಿದರು. ಫಿಜಾಳಿಗೆ ಮಾತು ಬರಲಿಲ್ಲ, ಸುತ್ತು, ಶೇಂಗಾ, ಹಿಕ್ಕೆ ಎಲ್ಲ ಬರೆದಿಟ್ಟಿದ್ದ ನೋಟ್‌ಬುಕ್ ಮುಂದಿಟ್ಟಳು. ಅವರು ನಾಲ್ಕು ಪುಟವನ್ನೂ ಓದಿದರು. ಎಕ್ಸರೇ ತೆಗೆಸಿದರು. ಬೆಳಕಿನ ಹಲಗೆಗೆ ಸಿಕ್ಕಿಸಿ ತೋರಿಸಿದರು. ಹಕ್ಕಿಯ ಹೊಟ್ಟೆಯಲ್ಲಿ ಬಿಳಿ ಚುಕ್ಕೆಗಳು, ರಾಜಗಿರಿ ಕಾಳು ಚೆಲ್ಲಿದ ಹಾಗೆ.

"ಈ ಪಂಜರ ಯಾರು ಮಾಡ್ಯಾರ್ರಿ?"

"ನಾನ ಮಾಡೇನ್ರಿ ಸಾಹೇಬ್ರ," ಎಂದರು ಬಡೇಸಾಬರು. ಬೆನ್ನು ಸ್ವಲ್ಪ ನೆಟ್ಟಗಾಯಿತು. "ಇನ್ನೂರಾ ಹನ್ನೆರಡ ಜೋಡಣಿ ಅದಾವ್ರಿ."

"ಕೆಲಸ ಭಾಳ ಛಲೋ ಅದರಿ." ಡಾಕ್ಟರ್ ಒಂದು ಹನಿಯ ಮೇಲೆ ಉಗುರು ಇಟ್ಟರು. ಅದರಲ್ಲಿ ಕೊಕ್ಕಿನ ಗೀರುಗಳಿದ್ದವು. "ಅಜ್ಜಾರ, ಈ ಸೋಲ್ಡರಿನ್ಯಾಗ ಸೀಸ ಇರತದ. ಇದು ದಿನಾ ಅದನ್ನ ಕೆರಕೊಂಡು ತಿಂದದ. ಈ ಚುಕ್ಕಿ ಅದಾವಲ್ಲ, ಅವೆಲ್ಲಾ ಅದ."

ಬಡೇಸಾಬರು ಚುಕ್ಕೆಗಳನ್ನು ಎಣಿಸುವವರ ಹಾಗೆ ನೋಡುತ್ತ ನಿಂತರು. ಆಮೇಲೆ ಕೇಳಿದರು, "ಅದು ತಿಂದಂಗೆಲ್ಲಾ ನಾ ಮತ್ತ ಹಾಕಿದ್ನೆಲ್ರಿ. ಮತ್ತ ಮತ್ತ ಹಾಕೇನಿ. ಅದೂ...?"

ಡಾಕ್ಟರ್ ಬೆಳಕಿನ ಹಲಗೆಯಿಂದ ಎಕ್ಸರೇ ತೆಗೆದರು. "ನಿಮಗ ಗೊತ್ತಿರಲಿಲ್ಲಲ್ರಿ" ಎಂದರು.

"ಕುತ್ತಿಗಿ ತಿರಗಸೂದೂ ಅದಕ್ಕನ ಏನ್ರಿ?"

"ಎರಡು ಕೂಡ್ಯಾವ್ರಿ. ಸೀಸ ನರಕ್ಕ ಏರತದ, ಅದೊಂದು. ಇನ್ನೊಂದು, ಮಾಡಾಕ ಅದಕ್ಕ ಏನೂ ಇರಲಿಲ್ಲ."

"ಹಕ್ಕಿಗೇನ್ ಮಾಡೂದಿರತೈತ್ರಿ?"

"ಹೊರಗಿದ್ದ ಗಿಣಿ ಮುಂಜಾನಿಂದ ಸಂಜಿ ತನಕಾ ಹುಡಕತದ, ಒಡೀತದ, ಸಿಗೀತದ, ತಮ್ಮವರ ಕೂಡ ಜಗಳಾಡತದ. ನಿಮ್ಮಲ್ಲೆ ಬಟ್ಟಲದಾಗ ಕಾಳು ತಯಾರ. ಹಾರಾಕ ಜಾಗಾ ಇಲ್ಲ. ಹಗಲೆಲ್ಲಾ ಏನ ಮಾಡಬೇಕದು? ಒಂದಿನಾ ಕುತ್ತಿಗಿ ತಿರಗಸ್ತು. ನೀವೆಲ್ಲಾ ನಕ್ಕ್ರಿ, ಶೇಂಗಾ ಕೊಟ್ರಿ. ಅದಕ್ಕ ಅದ ಒಂದು ಕೆಲಸಾತು. ಆಮ್ಯಾಲೆ ಬಿಡಬೇಕಂದ್ರೂ ಬಿಡಾಕ ಬರಲಿಲ್ಲ."

ಫಿಜಾ ನೆಲ ನೋಡುತ್ತಿದ್ದಳು.

ಇನ್ನೊಂದು ಮಾತನ್ನೂ ಡಾಕ್ಟರ್ ಹೇಳಿದರು. ಇಂಥ ಗಿಣಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಾಯ್ದೆಯ ಪ್ರಕಾರ ತಪ್ಪು, ಮೊದಲು ಜೀವ ಉಳಿಸೋಣ, ಗಟ್ಟಿಯಾದ ಮೇಲೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕಾಗುತ್ತದೆ ಎಂದರು. ಬಡೇಸಾಬರು ತಲೆಯಾಡಿಸಿದರು. ದಿನಕ್ಕೆ ಎರಡು ಸಲ ಇಂಜೆಕ್ಷನ್ ಆಗಬೇಕು, ಐದು ದಿನ ಇಲ್ಲೇ ಬಿಡಿ ಎಂದರು. ಅದಕ್ಕೂ ತಲೆಯಾಡಿಸಿದರು. ಹೊರಡುವಾಗ ಡಾಕ್ಟರ್ ಅವರ ಕೈ ನೋಡಿದರು. ಹಸ್ತ ಸಣ್ಣಗೆ ನಡುಗುತ್ತಿತ್ತು.

"ಸೋಲ್ಡರ್ ತಂತಿ ಬಾಯಾಗ ಹಿಡೀತೀರೇನ್ರಿ?"

"ಹಿಡೀತೇನ್ರಿ. ಎಲ್ಲಾ ಮೇಸ್ತ್ರಿಗಳೂ ಹಿಡೀತಾರ."

"ಹೊಟ್ಟಿ ನೋಯತದೇನ್ರಿ?"

"ವಯಸ್ಸಾತಲ್ರಿ."

"ನೀವೂ ಒಮ್ಮೆ ರಕ್ತ ತೋರಸ್ರಿ ಅಜ್ಜಾರ."

"ನಾ ಏನ್ ಗಿಣಿ ಏನ್ರಿ?" ಎಂದು ಬಡೇಸಾಬರು ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ.

ಸಬ್ಜಾ ಇಲ್ಲದ ಅಂಗಡಿಯಲ್ಲಿ ಎರಡು ದಿನ ಖಾಲಿ ಪಂಜರ ತೂಗುತ್ತಿತ್ತು. ಮೂರನೆಯ ದಿನ ಬಡೇಸಾಬರೇ ಅದನ್ನು ಇಳಿಸಿದರು. ಒಂದೊಂದೇ ಹನಿಯನ್ನು ಕಬ್ಬಿಣ ಕಾಯಿಸಿ ಕರಗಿಸಿ ತೆಗೆದರು. ಇನ್ನೂರ ಹನ್ನೆರಡೂ. ತಂತಿಗಳನ್ನು ನೆಟ್ಟಗೆ ಮಾಡಿ ಕಟ್ಟು ಕಟ್ಟಿ ಮೂಲೆಯಲ್ಲಿಟ್ಟರು. ಫಿಜಾ ಸ್ಟೀಲಿನ ದೊಡ್ಡ ಪಂಜರ ಕೊಂಡು ತಂದಳು. ಬೆಸುಗೆ ಇಲ್ಲದ್ದು, ಬಣ್ಣ ಹಚ್ಚದ್ದು, ಡಾಕ್ಟರ್ ಬರೆದುಕೊಟ್ಟ ಹಾಗೇ ನೋಡಿ ನೋಡಿ ಆರಿಸಿದ್ದು.

ಸಬ್ಜಾ ತಿರುಗಿ ಬಂದ ಮೇಲೆ ಅವಳ ಕೆಲಸ ಹೆಚ್ಚಾಯಿತು. ಪಂಜರವನ್ನು ಮಶಿನ್ ಕಾಣದ ಗೋಡೆಗೆ ಹಾಕಿದಳು. ಬಟ್ಟಲಲ್ಲಿ ಕಾಳು ಹಾಕುವುದನ್ನು ಬಿಟ್ಟಳು. ಕಡಲೆಯನ್ನು ಕಾಗದದಲ್ಲಿ ಗಂಟು ಕಟ್ಟಿ, ಗೋವಿನಜೋಳದ ತೆನೆಯನ್ನು ಸಿಪ್ಪೆ ಸಮೇತ, ಪೇರಲ ಗಿಡದ ಕೊಂಬೆಯನ್ನು ಎಲೆ ಸಮೇತ ಇಟ್ಟಳು, ಹುಡುಕಿ ಒಡೆದು ತಿನ್ನಲಿ ಎಂದು. ದಿನವೂ ಒಂದು ತಾಸು ಶಟರ್ ಎಳೆದು ಅದನ್ನು ಹೊರಗೆ ಬಿಟ್ಟಳು. ಮೊದಲೆರಡು ದಿನ ಅದು ಪಂಜರದ ಬಾಗಿಲಲ್ಲೇ ಕುಳಿತು ಏಳೇಳು ಸುತ್ತು ಹಾಕಿತು. ಮೂರನೆಯ ದಿನ ಕೊಂಬೆಯ ಸಿಪ್ಪೆ ಸುಲಿಯಿತು. ನಾಲ್ಕನೆಯ ದಿನ ಕಾಗದದ ಗಂಟು ಬಿಚ್ಚಿತು. ಸುತ್ತು ಹಾಕಿದ್ದು ದಿನಕ್ಕೆ ನೂರರ ಮೇಲೆ ಇದ್ದದ್ದು ಅರವತ್ತಕ್ಕೆ, ಮೂವತ್ತೆಂಟಕ್ಕೆ, ಹತ್ತೊಂಬತ್ತಕ್ಕೆ ಇಳಿಯಿತು. ನೋಟ್‌ಬುಕ್ಕಿನಲ್ಲಿ ಇದೆ. ಆರನೆಯ ದಿನ ಅದು ನಡುವೆ ನಾಲ್ಕನೆಯ ಸುತ್ತಿಗೆ ನಿಲ್ಲಿಸಿ, ಬಡೇಸಾಬರ ಕೈಯಿಂದ ಪೇರಲ ತೆಗೆದುಕೊಂಡಿತು. ಬಡೇಸಾಬರು ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದರು.

ಅದೇ ದಿನ ಮಧ್ಯಾಹ್ನ ಹನುಮಪ್ಪ ಮೋಟರ್ ಹೊತ್ತು ಬಂದರು.

"ಏನ್ ಮೇಸ್ತ್ರಿ, ಗಿಣಿ ರಜಾದ ಮ್ಯಾಲ ಐತೇನ? ಯಾ ಮೂಲ್ಯಾಗ ಕೂರಿಸೀದಿ ಅದನ್ನ?"

"ಸುಮ್ಮನಿರು ಹನುಮಪ್ಪ. ಅದಕ್ಕ ಆರಾಮಿಲ್ಲ."

"ಆರಾಮ ಮಾಡ್ತೇನಿ ತಡಿ." ಹನುಮಪ್ಪ ಪಂಜರದ ಹತ್ತಿರ ಹೋಗಿ ಶಿಳ್ಳೆ ಹಾಕಿ ಬೆರಳು ತಿರುಗಿಸಿದರು. ಸಬ್ಜಾ ಬಾಯಲ್ಲಿದ್ದ ಕೊಂಬೆ ಬಿಟ್ಟು, ಎಡಕ್ಕೆ ಸರಿದು, ಶುರು ಮಾಡಿತು. "ನೋಡು, ಮರ್ತಿಲ್ಲ!"

"ಕೈ ಇಳಸು."

"ಒಂದ ಶೇಂಗಾ ತಾರವಾ ಫಿಜಾ..."

"ಕೈ ಇಳಸ ಅಂದೆ ನಾ! ಕಿವಿ ಕೇಳಸವಲ್ದೇನ ನಿನಗ?" ಬಡೇಸಾಬರ ಕೈಯಲ್ಲಿ ಸುತ್ತಿಗೆ ಇತ್ತು. ಅದು ಕೈಯಲ್ಲಿರುವುದು ಅವರಿಗೆ ಗೊತ್ತಿರಲಿಲ್ಲ.

ಹನುಮಪ್ಪ ಸುತ್ತಿಗೆ ನೋಡಿದರು, ಗೆಳೆಯನ ಮುಖ ನೋಡಿದರು. "ಮೂವತ್ತ ವರ್ಷ ನಿನ್ನ ಕಟ್ಟಿ ಮ್ಯಾಲ ಕುಂತೇನಿ. ಒಂದ ಹಕ್ಕಿ ಸಲುವಾಗಿ ಸುತ್ತಗಿ ಎತ್ತಿದೆಲ್ಲಾ, ಛಲೋ ಆತು ಬಿಡು," ಎಂದು ಮೋಟರ್ ಹೆಗಲಿಗೆ ಹಾಕಿಕೊಂಡು ಹೋದರು. ಮತ್ತೆ ಬಂದಿಲ್ಲ. ಬೇರೆ ಅಂಗಡಿಗೆ ಹೋಗುತ್ತಿದ್ದಾರೆ. ಆ ದಿನ ಸಬ್ಜಾ ಎಂಬತ್ತೆರಡು ಸಲ ಸುತ್ತು ಹಾಕಿತು.

ಆದರೂ ಮತ್ತೆ ಇಳಿಯಿತು. ಹನ್ನೊಂದನೆಯ ದಿನ ಹದಿನಾಲ್ಕು. ಎದೆಯ ಮೇಲೆ ಹತ್ತಿಯಂಥ ಸಣ್ಣ ಪುಕ್ಕ ಬರುತ್ತಿತ್ತು.

ಹನ್ನೆರಡನೆಯ ದಿನ ಫಿಜಾ ಊಟಕ್ಕೆ ಮನೆಗೆ ಹೋದಾಗ ಹೊಸ ಪಂಜರದ ಬಾಗಿಲ ಕೊಂಡಿ ಕಳಚಿತು. ಸಬ್ಜಾ ಬಾಗಿಲು ನೂಕಿ ಹೊರಗೆ ತಲೆ ಹಾಕಿತ್ತು. ಎದುರು ಮನೆಯ ಬೆಕ್ಕು ಮೆಟ್ಟಿಲ ಮೇಲೆ ಕುಳಿತಿತ್ತು. ಬಡೇಸಾಬರು ಬೆಕ್ಕನ್ನು ಓಡಿಸಿ, ಹಕ್ಕಿಯನ್ನು ಒಳಗೆ ದೂಡಿ, ಒಂದು ಕೈಯಿಂದ ಬಾಗಿಲು ಒತ್ತಿ ಹಿಡಿದರು. ಇನ್ನೊಂದು ಕೈ ತಾನಾಗಿ ಹೋಗಿ ಕಬ್ಬಿಣ ತೆಗೆದುಕೊಂಡಿತು. ಅದು ಕಾದೇ ಇತ್ತು, ಮೋಟರಿನ ಕೆಲಸ ಅರ್ಧಕ್ಕೆ ನಿಂತಿತ್ತು. ತಂತಿಯ ತುದಿ ಹಲ್ಲಲ್ಲಿ. ಒಂದು ಹನಿ. ಸ್ಟೀಲಿಗೆ ಬೆಸುಗೆ ಸುಲಭಕ್ಕೆ ಕೂರುವುದಿಲ್ಲ, ಅವರು ಕೂರಿಸಿದರು. ಕೊಂಡಿ ಗಟ್ಟಿಯಾಯಿತು. ಮೋಟರಿಗೆ ತಿರುಗಿದರು. ತಾವು ಏನು ಮಾಡಿದೆವು ಎಂಬುದು ಆ ಹೊತ್ತಿಗೆ ಮನಸ್ಸಿಗೆ ಬರಲೇ ಇಲ್ಲ ಎಂದು ಅವರು ಹೇಳುತ್ತಾರೆ. ಅದು ಸುಳ್ಳಲ್ಲ. ಕೈ ನಲವತ್ತಾರು ವರ್ಷ ಮಾಡಿದ್ದನ್ನು ಮಾಡಿತು.

ಕೊಂಡಿ ಗಟ್ಟಿಯಾಗಿದ್ದುದರಿಂದ ಫಿಜಾ ಅದನ್ನು ಗಮನಿಸಲಿಲ್ಲ. ಅದು ಅವಳ ತಪ್ಪು. ಹದಿನೈದನೆಯ ದಿನ ಸುತ್ತುಗಳು ತೊಂಬತ್ತಕ್ಕೆ ಏರಿದವು. ಯಾರು ಬೆರಳು ತೋರಿಸಿದರೋ ಎಂದು ಅವಳು ಓಣಿಯವರ ಮೇಲೆ ಸಿಟ್ಟಾದಳು. ಹದಿನೇಳನೆಯ ದಿನ ಬೆಳಿಗ್ಗೆ ಸಬ್ಜಾ ಪಂಜರದ ತಳದಲ್ಲಿ ಮೈ ಉಬ್ಬಿಸಿಕೊಂಡು ಕುಳಿತಿತ್ತು. ಹಿಕ್ಕೆ ಕಡುಹಸಿರು. ಆಗ ಅವಳು ಪಂಜರವನ್ನು ತಂತಿ ತಂತಿಯಾಗಿ ಹುಡುಕಿದಳು. ಬಾಗಿಲ ಒಳಬದಿಯಲ್ಲಿ ಸಿಕ್ಕಿತು. ಅರ್ಧ ಹನಿ. ಉಳಿದರ್ಧದ ಜಾಗದಲ್ಲಿ ಗೀರುಗಳು.

"ಅಜ್ಜಾ," ಎಂದಳು. ಪಂಜರ ತಂದು ಅವರ ಮುಂದಿಟ್ಟಳು.

ಬಡೇಸಾಬರು ಮಸೂರ ತೆಗೆದುಕೊಂಡು ನೋಡಿದರು. ಮೋಟರಿನ ಜೋಡಣೆ ನೋಡುವಷ್ಟೇ ಹೊತ್ತು ನೋಡಿದರು.

"ಛಲೋ ಕುಂತೈತಿ," ಎಂದರು. "ಸ್ಟೀಲಿಗೆ ಇಷ್ಟ ಛಲೋ ಯಾರೂ ಕೂರಸೂದಿಲ್ಲ."

ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ಮತ್ತೆ ಧಾರವಾಡಕ್ಕೆ ಹೊರಟರು. ನವಲೂರು ದಾಟುವಾಗ ಡಬ್ಬಿಯೊಳಗಿನ ಕೆರೆತ ನಿಂತಿತು. ಬಡೇಸಾಬರು ಮುಚ್ಚಳ ತೆಗೆಯಲಿಲ್ಲ. ಫಿಜಾಳೂ ತೆಗೆಯಿರಿ ಎನ್ನಲಿಲ್ಲ. ಕೆಲಗೇರಿಯವರೆಗೂ ಹಾಗೇ ಹೋದರು. ಡಾಕ್ಟರ್ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು.

"ಆ ಒಂದ ಹನಿಂದ ಆತೇನ್ರಿ?" ಎಂದು ಬಡೇಸಾಬರು ಕೇಳಿದರು.

"ಹೇಳಾಕ ಬರಾಂಗಿಲ್ರಿ. ಮದಲಿಂದು ಎಲುಬಿನ್ಯಾಗ ಉಳದಿರತದ. ಅದೂ ಇರಬಹುದು, ಇದೂ ಇರಬಹುದು."

"ಇಲ್ಲಂತ ಹೇಳಾಕ ಬರತೈತೇನ್ರಿ?"

ಡಾಕ್ಟರ್ ಮೇಜಿನ ಕಡೆ ತಿರುಗಿದರು. ಒಂದು ಚೀಟಿ ತೆಗೆದುಕೊಂಡು ರಕ್ತದಲ್ಲಿ ಸೀಸ ಎಷ್ಟಿದೆ ನೋಡುವ ಪರೀಕ್ಷೆ ಎಂದು ಬರೆದು, ಮೇಲೆ ಬಡೇಸಾಬರ ಹೆಸರು ಬರೆದು, ಅವರ ಕೈಯಲ್ಲಿಟ್ಟರು.

ಸಬ್ಜಾವನ್ನು ಅಂಗಡಿಯ ಹಿಂದೆ ಮಣ್ಣು ಮಾಡಿದರು. ಅದಾಗಿ ಮೂರು ವಾರ. ಬಡೇಸಾಬರು ಅಂಗಡಿಗೆ ಬರುತ್ತಾರೆ, ಕೆಲಸ ಮಾಡುತ್ತಾರೆ. ಈಗಲೂ ಸೋಲ್ಡರ್ ತಂತಿಯನ್ನು ಹಲ್ಲಲ್ಲೇ ಹಿಡಿಯುತ್ತಾರೆ. ಬೇಡ ಎಂದರೆ, "ಇಷ್ಟ ವರ್ಷ ಹಿಡದೇನಿ, ಈಗೇನ ಹೊಸಾದು ಆಗೂದೈತಿ" ಎನ್ನುತ್ತಾರೆ. ಒಮ್ಮೆ ಮಾತ್ರ, "ಅದಕ್ಕಾಗಿದ್ದು ನನಗೂ ಆಗ್ಲಿ ಬಿಡವಾ" ಎಂದರು. ಸುತ್ತುವಾಗ ಲೆಕ್ಕ ತಪ್ಪುತ್ತಿದೆ. ಫಿಜಾ ಪಕ್ಕದಲ್ಲಿ ಕುಳಿತು ಮನಸ್ಸಿನಲ್ಲೇ ಎಣಿಸುತ್ತಾಳೆ. ಹೋದ ವಾರ ಒಂದು ತಂತಿ ಸುರುಳಿಗೆ ಆರು ಸುತ್ತು ಕಡಿಮೆಯಾಗಿತ್ತು, ಇನ್ನೊಂದಕ್ಕೆ ಒಂಬತ್ತು ಹೆಚ್ಚಾಗಿತ್ತು. ಹೇಳಿದಳು. ಬಿಚ್ಚಿ ಮತ್ತೆ ಸುತ್ತಿದರು. ಚೀಟಿಯನ್ನು ಅವರು ಮಡಿಸಿ, ಅಲುಗಾಡುತ್ತಿದ್ದ ಮಶಿನ್ನಿನ ಕಾಲಿಗೆ ಒತ್ತು ಕೊಟ್ಟಿದ್ದರು.

ನಿನ್ನೆ ನಾನು ಮಶಿನ್ ಎತ್ತಿ ಚೀಟಿ ತೆಗೆದೆ, ಅದರ ಜಾಗಕ್ಕೆ ಒಂದು ತುಂಡು ರಟ್ಟು ಇಟ್ಟೆ. ಚೀಟಿ ಈಗ ನನ್ನ ನೋಟ್‌ಬುಕ್ಕಿನಲ್ಲಿದೆ. ಅಕ್ಷರ ಇನ್ನೂ ಕಾಣುತ್ತದೆ. ನಾಳೆ ಸೋಮವಾರ. ಬೆಳಿಗ್ಗೆ ಎಂಟು ಗಂಟೆಗೆ, ಅಂಗಡಿ ತೆಗೆಯುವ ಮೊದಲು, ಅಜ್ಜನನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ. ಬರುವುದಿಲ್ಲ ಎಂದರೆ ಶಟರಿನ ಕೀಲಿ ಕೊಡುವುದಿಲ್ಲ. ಅಲ್ಲಿ ಕೇಳಿದ್ದಕ್ಕೆ ನಾನೇ ಉತ್ತರ ಹೇಳುತ್ತೇನೆ.